ಜೋಗಿಮಟ್ಟಿ ಒಳಗೆ ಗುಂಡೂ ಬೇಡ, ನಮ್ಮ ಹೊಲದಲ್ಲಿ ಕಳ್ಳ ತಂತಿನೂ ಬೇಡ



ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಒಂದೇ ಜಗಳ. ಒಂದು ಕಡೆಯವರು "ಕಾಡುಪ್ರಾಣಿ ವಿಪರೀತ ಆಗ್ಯಾವೆ, ಅಭಯಾರಣ್ಯದ ಒಳಗೇ ನುಗ್ಗಿ ಗುಂಡು ಹೊಡೆದು ಕಮ್ಮಿ ಮಾಡ್ಬೇಕು" ಅಂತಾರೆ. ಇನ್ನೊಂದು ಕಡೆ ಪೇಟೆಯಲ್ಲಿ ಕೂತ ಪ್ರಾಣಿಪ್ರಿಯರು "ಒಂದು ಪ್ರಾಣಿನೂ ಮುಟ್ಟಂಗಿಲ್ಲ, ಕಾಡು ಒತ್ತುವರಿ ಮಾಡಿದ್ದೇ ನೀವು" ಅಂತ ಬರೀತಾರೆ. ಇಬ್ಬರ ಮಾತಿನಲ್ಲೂ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲ ಇಲ್ಲ. ಅದಕ್ಕೇ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಮಾತು ಮೊದಲೇ ಹೇಳ್ಬಿಡ್ತೀನಿ. ಕಾಡುಹಂದಿ ಹೊಡೆಯೋಕೆ ಸರ್ಕಾರ ಅನುಮತಿ ಕೊಡಲೇಬೇಕು. ಆದರೆ ಹೊಡೆಯೋದು ಗುಡ್ಡದ ಒಳಗಲ್ಲ. ಹೊಲದಲ್ಲಿ, ಕೆರೆ ಅಂಗಳದಲ್ಲಿ. ಲೆಕ್ಕ ಇಟ್ಟು, ಹಗಲು ಹೊತ್ತಿನ ಕೆಲಸದ ಹಾಗೆ ಆಗಬೇಕು. ಕರಡಿ, ಚಿರತೆ ಸುದ್ದಿಗೆ ಹೋಗಬಾರದು. ಇನ್ನು ರಾತ್ರಿ ಹೊತ್ತು ಬೇಲಿಗೆ ಕರೆಂಟ್ ಬಿಡೋ ನಮ್ಮವರು ಆ ತಂತಿ ಇವತ್ತೇ ಕಿತ್ತು ಬಿಸಾಕಬೇಕು. ಈ ಕೊನೇ ಮಾತಿಗೆ ನನಗೆ ಬೈಯೋರು ಜಾಸ್ತಿ ಅಂತ ಗೊತ್ತು. ಬೈರಿ, ಆದರೆ ಪೂರ್ತಿ ಓದಿ ಬೈರಿ.

ಹಂದಿ ಮಾಡೋ ನಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಒಂದು ಹಿಂಡು ಬಂದ್ರೆ ಬೆಳಿಗ್ಗೆ ನೋಡೋವಾಗ ಟ್ರ್ಯಾಕ್ಟರ್ ಹೊಡೆದಂಗೆ ಇರ್ತದೆ. ಮೆಕ್ಕೆಜೋಳ ತಿನ್ನೋದು ಕಾಲು ಭಾಗ, ಕೆಡವೋದು ಮುಕ್ಕಾಲು. ಅಡಿಕೆ ಸಸಿ ಬುಡ ಅಗೀತವೆ, ಡ್ರಿಪ್ ಪೈಪ್ ಕಚ್ಚಿ ಹಾಕ್ತವೆ. ನಾವೂ ಮಾಡದ ಉಪಾಯ ಇಲ್ಲ. ಹಳೇ ಸೀರೆ ಸುತ್ತು ಕಟ್ಟಿದ್ವಿ, ಕಟಿಂಗ್ ಶಾಪಿನ ಕೂದಲು ತಂದು ಚೆಲ್ಲಿದ್ವಿ, ನಾಯಿ ಬೊಗಳೋ ಸದ್ದಿನ ಮೈಕ್ ಇಟ್ವಿ, ಪಟಾಕಿ ಹೊಡೆದ್ವಿ. ಎಲ್ಲಾ ಒಂದು ವಾರ. ಎಂಟನೇ ದಿನ ಹಂದಿ ಸೀರೆ ಕೆಳಗೇ ತೂರಿಕೊಂಡು ಬರ್ತದೆ. ನನ್ನ ಎರಡು ಎಕರೆ ಶೇಂಗಾದಲ್ಲಿ ಮೂರು ರಾತ್ರಿಗೆ ಅರ್ಧ ಎಕರೆ ಹೋಯ್ತು. ಪರಿಹಾರಕ್ಕೆ ಅರ್ಜಿ, ಫೋಟೋ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಕೊಟ್ಟೆ. ಓಡಾಡಿದ ಬಸ್ ಚಾರ್ಜು, ಎರಡು ದಿನದ ಕೂಲಿ ಲೆಕ್ಕ ಹಾಕಿದ್ರೆ ಬರೋ ದುಡ್ಡು ಅದಕ್ಕೇ ಸರಿ ಆಗ್ತದೆ. ಹಿಂಗಾಗಿ ಎಷ್ಟೋ ಜನ ಅರ್ಜಿನೇ ಹಾಕಲ್ಲ. ಅರ್ಜಿ ಇಲ್ಲ ಅಂದ್ರೆ ಸರ್ಕಾರದ ಲೆಕ್ಕದಲ್ಲಿ ನಷ್ಟನೂ ಇಲ್ಲ.

ಈಗ ಒತ್ತುವರಿ ಮಾತು. ಜೋಗಿಮಟ್ಟಿ ವನ್ಯಜೀವಿಧಾಮ ಅಂತ ಆಗಿದ್ದು 2015ರಲ್ಲಿ. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ನಮ್ಮ ಅಜ್ಜನ ಹೆಸರಿನ ಪಹಣಿ ಅದಕ್ಕಿಂತ ಎಷ್ಟೋ ಹಳೇದು. ಅಲ್ಲಲ್ಲಿ ಒತ್ತುವರಿ ಮಾಡಿದವರು ಇಲ್ಲ ಅಂತ ನಾನು ಹೇಳಲ್ಲ. ಆದರೆ ನಮ್ಮ ಗುಡ್ಡಗಳ ನೆತ್ತಿ ಮೇಲೆ ಸಾಲಾಗಿ ಗಾಳಿಯಂತ್ರ ನಿಂತಾವಲ್ಲ, ಅವುಕ್ಕೆ ರಸ್ತೆ ಕಡಿದೋರು ಯಾರು? ಹೊಳಲ್ಕೆರೆ, ಹೊಸದುರ್ಗ ಕಡೆ ಗಣಿಗೆ ಗುಡ್ಡ ಬಗೆದೋರು ಯಾರು? ಎರಡು ಎಕರೆ ಶೇಂಗಾ ಹಾಕಿದೋನೋ? ಕಾಡು ಕಮ್ಮಿ ಆಗಿದ್ದಕ್ಕೆ ಲೆಕ್ಕ ಕೇಳೋದಾದ್ರೆ ಎಲ್ಲರ ಹತ್ರನೂ ಕೇಳಲಿ. ರಾತ್ರಿಯೆಲ್ಲಾ ಅಟ್ಟದ ಮೇಲೆ ಕೂತು ತಗಡು ಬಡಿಯೋನ ಹತ್ರ ಮಾತ್ರ ಕೇಳೋದು ನ್ಯಾಯ ಅಲ್ಲ.

ಹಂಗಂತ "ಗುಡ್ಡದ ಒಳಗೇ ಹೊಡೀರಿ" ಅನ್ನೋ ನಮ್ಮವರ ಮಾತಿಗೂ ನಾನು ಒಪ್ಪಲ್ಲ. ಅವರು ಆಫ್ರಿಕಾದ್ದು ಕಳಿಸ್ತಾರೆ. ನಮೀಬಿಯಾ ದೇಶ 2024ರ ಬರಗಾಲದಲ್ಲಿ 723 ಕಾಡುಪ್ರಾಣಿ ಹೊಡೆಯೋಕೆ ತೀರ್ಮಾನ ಮಾಡ್ತು, ಅದರಲ್ಲಿ 83 ಆನೆ, ಮಾಂಸ ಬರದ ಜನಕ್ಕೆ ಹಂಚೋಕೆ. ಅದು ನಿಜ. ದಕ್ಷಿಣ ಆಫ್ರಿಕಾದ ಕ್ರೂಗರ್ ಅನ್ನೋ ರಾಷ್ಟ್ರೀಯ ಉದ್ಯಾನದಲ್ಲಿ 1967ರಿಂದ 1994ರ ತನಕ 14,000ಕ್ಕೂ ಹೆಚ್ಚು ಆನೆಗಳನ್ನ ಸರ್ಕಾರವೇ ಹೊಡೆಸಿತು. ಅದೂ ನಿಜ. ಆದರೆ ಆ ಕ್ರೂಗರ್ ಎಷ್ಟು ದೊಡ್ಡದು ಗೊತ್ತಾ? ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್. ನಮ್ಮ ಇಡೀ ಚಿತ್ರದುರ್ಗ ಜಿಲ್ಲೆ ಸುಮಾರು 8,400. ಅಂದ್ರೆ ನಮ್ಮಂಥ ಎರಡು ಜಿಲ್ಲೆ ಅದರೊಳಗೆ ಹಾಕಿದ್ರೂ ಇನ್ನೂ ಜಾಗ ಉಳೀತದೆ. ಅಲ್ಲಿ ಆನೆ ಜಾಸ್ತಿಯಾಗಿ ಕಾಡಿನ ಮರನೇ ಉಳಿಯಲ್ಲ ಅನ್ನೋದು ವಾದ. ಜೋಗಿಮಟ್ಟಿ 100 ಚದರ ಕಿಲೋಮೀಟರಿನಲ್ಲಿ ಅಂಥಾ ವಾದ ಎಲ್ಲಿಂದ ತರ್ತೀರಿ? ಅಲ್ಲಿಯ ಗಾದೆ ಇಲ್ಲಿಗೆ ಹೊಂದಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಹೊಲಕ್ಕೆ ಬರೋ ಹಂದಿ ಎಲ್ಲಿ ಮಲಗ್ತದೆ ಅಂತ ಹಗಲು ಹೊತ್ತು ಹೋಗಿ ನೋಡಿದೀರಾ? ಗುಡ್ಡದಲ್ಲಿ ಹಂದಿ ಇಲ್ಲ ಅಂತಲ್ಲ. ಆದರೆ ನಮ್ಮೂರಿಗೆ ನುಗ್ಗೋ ಹಿಂಡು ಇರೋದು ಕೆರೆ ಅಂಗಳದ ಬಳ್ಳಾರಿ ಜಾಲಿಯೊಳಗೆ. ಹೆಜ್ಜೆ ಹಿಡಿದು ಹೋದ್ರೆ ನೇರ ಅಲ್ಲಿಗೇ ಹೋಗ್ತವೆ. ಮನುಷ್ಯ ನುಗ್ಗೋಕೆ ಆಗದಂಥ ಮುಳ್ಳು, ಒಳಗೆ ನೆರಳು, ತಿನ್ನೋಕೆ ಜಾಲಿ ಕಾಯಿ, ಪಕ್ಕದಲ್ಲೇ ತೋಟದ ನೀರು, ಆಚೆ ಕಡೆ ನೂರಾರು ಎಕರೆ ಮೆಕ್ಕೆಜೋಳ. ಹಂದಿಗೆ ಇದಕ್ಕಿಂತ ಒಳ್ಳೇ ಮನೆ ಬೇಕಾ? ಮರಿನೂ ಒಂದು ಸಲಕ್ಕೆ ನಾಲ್ಕು, ಐದು, ಆರು ಹಾಕ್ತದೆ. ಇದು ಅಭಯಾರಣ್ಯದ ಪ್ರಾಣಿ ಅಲ್ಲ, ನಮ್ಮ ಕೆರೆ ಪ್ರಾಣಿ. ಗುಡ್ಡದೊಳಗೆ ಬಂದೂಕು ಹಿಡ್ಕೊಂಡು ಹೋದ್ರೆ ಅಲ್ಲಿ ಸಿಗೋದು ಹೆದರಿದ ಕರಡಿ, ಮರಿ ಇಟ್ಟಿರೋ ಚಿರತೆ. ಅವು ಎದ್ದು ಎಲ್ಲಿಗೆ ಬರ್ತವೆ? ನಮ್ಮ ತೋಟಕ್ಕೇ.

ಚಿರತೆ ವಿಷಯ ಹೇಳಿದ್ರೆ ಕುರಿ ಕಾಯೋರಿಗೆ ಸಿಟ್ಟು ಬರ್ತದೆ. ಹಿರಿಯೂರು ಕಡೆ ಕುರಿ ಹಟ್ಟಿಯೋರಿಗೆ ಆಗೋ ನಷ್ಟ ಸಣ್ಣದಲ್ಲ. ಅದಕ್ಕೆ ಪರಿಹಾರ ಬೇಗ ಕೊಡಲಿ, ಜಗಳ ಆಡೋಣ. ಆದರೆ ಹಂದಿ ಮರಿ ಹಿಡಿದು ತಿನ್ನೋದೂ ಅದೇ. ಅದನ್ನೂ ಹೊಡೆದು ಹಾಕಿದ್ರೆ ಹಂದಿಗೆ ಹೇಳೋರು ಕೇಳೋರು ಯಾರೂ ಇರಲ್ಲ.

ಈಗ ಕಾನೂನು. ನಾನು ಎಸ್ಎಸ್ಎಲ್‌ಸಿ ಓದಿದೋನು, ವಕೀಲ ಅಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಓದಿಸ್ಕೊಂಡು ಕೇಳಿದೀನಿ. ಆನೆ, ಹುಲಿ, ಚಿರತೆ, ಕರಡಿ ಒಂದನೇ ಶೆಡ್ಯೂಲಿನಲ್ಲಿ ಬರ್ತವೆ. ಇವು ಮನುಷ್ಯನ ಜೀವಕ್ಕೆ ಅಪಾಯ ಅಂತ ಆದಾಗ, ಇಲ್ಲಾ ವಾಸಿಯಾಗದ ಗಾಯ, ಕಾಯಿಲೆ ಆದಾಗ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಹೊಡೆಯೋಕೆ ಹೇಳಬಹುದು. ಅದೂ ಹಿಡಿಯೋಕೆ, ಬೇರೆ ಕಡೆ ಬಿಡೋಕೆ ಆಗಲ್ಲ ಅಂತ ಖಾತ್ರಿಯಾದ ಮೇಲೆ. ಬೆಳೆ ಹಾನಿ ಅನ್ನೋದು ಅಲ್ಲಿ ಕಾರಣನೇ ಅಲ್ಲ. ಆದರೆ ಕಾಡುಹಂದಿ ಎರಡನೇ ಶೆಡ್ಯೂಲು. ಅದಕ್ಕೆ ಕಾಯ್ದೆಯಲ್ಲೇ ಬರೆದೈತೆ: ಜೀವಕ್ಕೆ ಇಲ್ಲಾ ಆಸ್ತಿಗೆ ಅಪಾಯ ಅಂತ ಆದ್ರೆ, ಆಸ್ತಿ ಅಂದ್ರೆ ಹೊಲದಲ್ಲಿ ನಿಂತಿರೋ ಬೆಳೆನೂ ಸೇರಿ, ಇಂಥಾ ಜಾಗದಲ್ಲಿ ಇಂಥಾ ಪ್ರಾಣಿ ಇಲ್ಲಾ ಪ್ರಾಣಿಗಳ ಗುಂಪು ಹೊಡೆಯಬಹುದು ಅಂತ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು.

ನೋಡ್ರಪ್ಪಾ, ಬಾಗಿಲು ಇದೆ. ಬೀಗ ಹಾಕಿ ಇಟ್ಟಾರೆ ಅಷ್ಟೇ. ಇನ್ನೊಂದು ದಾರಿ 62ನೇ ಸೆಕ್ಷನ್, ಕೇಂದ್ರ ಸರ್ಕಾರ ಒಂದು ಪ್ರಾಣಿನ ಉಪದ್ರವಿ ಅಂತ ಸಾರೋದು. 2015-16ರಲ್ಲಿ ಹಂಗೇ ಮಾಡಿದ್ರು. ಬಿಹಾರಕ್ಕೆ ನೀಲಗಾಯಿ ಮತ್ತು ಕಾಡುಹಂದಿ, ಉತ್ತರಾಖಂಡಕ್ಕೆ ಕಾಡುಹಂದಿ, ಹಿಮಾಚಲಕ್ಕೆ ಕೋತಿ. ಬಿಹಾರದ ಮೊಕಾಮಾದಲ್ಲಿ ಹೈದರಾಬಾದಿನಿಂದ ಶೂಟರ್ ಕರೆಸಿ ಕೆಲವೇ ದಿನದಲ್ಲಿ 200ಕ್ಕೂ ಹೆಚ್ಚು ನೀಲಗಾಯಿ ಹೊಡೆದ್ರು. ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ಮೇನಕಾ ಗಾಂಧಿಯವರೇ ಪರಿಸರ ಮಂತ್ರಿ ಪ್ರಕಾಶ್ ಜಾವಡೇಕರ್ ವಿರುದ್ಧ ಬಹಿರಂಗವಾಗಿ ನಿಂತ್ರು. ಒಂದೇ ಸರ್ಕಾರದ ಇಬ್ಬರು ಮಂತ್ರಿಗಳು ಟಿವಿಯಲ್ಲಿ ಜಗಳ ಆಡಿದ್ರು. ಆಮೇಲೆ ಕೇರಳ ಮತ್ತೆ ಮತ್ತೆ ಕೇಳಿದ್ರೂ ಹಂದಿನ ಉಪದ್ರವಿ ಅಂತ ಮಾಡೋಕೆ ಕೇಂದ್ರ ಒಪ್ಪಲಿಲ್ಲ. ಕೇರಳದೋರು ಸುಮ್ಮನೆ ಕೂರಲಿಲ್ಲ. 2022ರಲ್ಲಿ 11ನೇ ಸೆಕ್ಷನ್ನೇ ಹಿಡ್ಕೊಂಡು, ಬೆಳೆ ಹಾಳು ಮಾಡೋ ಹಂದಿ ಹೊಡೆಯೋಕೆ ಆದೇಶ ಕೊಡೋ ಅಧಿಕಾರನ ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ರು. ಹೊಡೆದ ಹಂದಿ ಹೂಳಬೇಕು ಅಂತ ಷರತ್ತು.

ಅದೇ ಕಾಯ್ದೆ, ಅದೇ ಸೆಕ್ಷನ್. ಅಲ್ಲಿ ಆಗೋದು ಇಲ್ಲಿ ಹೋಬಳಿ ಮಟ್ಟದಲ್ಲಿ ಯಾಕೆ ಆಗಬಾರದು? ಬಂದೂಕು ಲೈಸೆನ್ಸ್ ಕಾಯ್ದೆಯಲ್ಲೂ ಬೆಳೆ ರಕ್ಷಣೆಗೆ ಅಂತ ಜಾಗ ಇದೆ. ಆದರೆ ಲೈಸೆನ್ಸ್ ಇರೋನ ಬಂದೂಕು ಎಲೆಕ್ಷನ್ ಬಂದಾಗೆಲ್ಲಾ ಸ್ಟೇಷನ್ನಿನಲ್ಲಿ ಇರ್ತದೆ. ಹಂದಿಗೆ ಎಲೆಕ್ಷನ್ ಇಲ್ಲ.

ಹೊಡೆದ್ರೆ ಹಂದಿ ಮುಗೀತವಾ ಅಂತ ಕೇಳ್ತೀರಿ. ಇಲ್ಲ. ಜರ್ಮನಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಕಾಡುಹಂದಿ ಕಾನೂನಿನ ಪ್ರಕಾರನೇ ಹೊಡೀತಾರೆ, ಆದರೂ ಅಲ್ಲಿಯ ರೈತರು ಮೆಕ್ಕೆಜೋಳ ಹಾಳಾಯ್ತು ಅನ್ನೋದು ತಪ್ಪಿಲ್ಲ. ಪ್ರಾಣಿಪ್ರಿಯರು ಇದನ್ನೇ ಹಿಡ್ಕೊಂಡು "ನೋಡಿ, ಗುಂಡಿನಿಂದ ಪ್ರಯೋಜನ ಇಲ್ಲ" ಅಂತಾರೆ. ನಾನು ಅದನ್ನ ಎರಡು ಥರ ಓದ್ತೀನಿ. ಒಂದು, ಲೆಕ್ಕದಲ್ಲಿ ಹೊಡೆದ್ರೆ ಹಂದಿ ವಂಶ ನಾಶ ಆಗಿಬಿಡ್ತದೆ ಅನ್ನೋ ಭಯ ಸುಳ್ಳು. ಇನ್ನೊಂದು, ಬರೀ ಗುಂಡು ಸಾಲದು, ಅದರ ಮನೆನೂ ತೆಗೀಬೇಕು. ಕೆರೆ ಅಂಗಳದ ಜಾಲಿ ಹಂಗೇ ಬಿಟ್ಟು ಹತ್ತು ಹಂದಿ ಹೊಡೆದ್ರೆ ಮುಂದಿನ ಮುಂಗಾರಿಗೆ ಇಪ್ಪತ್ತು ಇರ್ತವೆ.

ಇನ್ನು ತಂತಿ ಮಾತು. ಇದನ್ನ ನಮ್ಮವರಿಗೇ ಹೇಳ್ತಾ ಇದ್ದೀನಿ.

ಮೋಟರ್ ಲೈನಿಂದ ಬೇಲಿ ತಂತಿಗೆ ಕರೆಂಟ್ ಬಿಡೋದು, ಕಂಬಕ್ಕೆ ಕೊಕ್ಕೆ ಹಾಕೋದು ಎಷ್ಟು ಕಡೆ ನಡೀತಾ ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಂದಿಗೆ ಇಟ್ಟ ತಂತಿ ತುಳಿದು ಮನುಷ್ಯ ಸತ್ತ ಅಂತ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಸಾಯೋನು ಯಾರು? ಪಕ್ಕದ ಹೊಲದೋನು, ಕೂಲಿಗೆ ಬಂದೋನು, ಇಲ್ಲಾ ಇಟ್ಟೋನೇ. ನಮಗೆ ತ್ರೀ ಫೇಸ್ ಕೊಡೋದು ರಾತ್ರಿ ಪಾಳಿಯಲ್ಲಿ. ಆಟೋ ಸ್ಟಾರ್ಟರ್ ಇದ್ರೂ ಗೇಟ್‌ವಾಲ್ ತಿರುಗಿಸೋಕೆ ಎರಡು ಗಂಟೆ ರಾತ್ರಿಗೆ ಟಾರ್ಚ್ ಹಿಡ್ಕೊಂಡು ಹೋಗಲೇಬೇಕು. ಬದುವಿನ ಮೇಲೆ ಹುಲ್ಲು, ಕೆಳಗೆ ಹಸಿ ನೆಲ. ಗೇಣುದ್ದ ಮೇಲೆ ಎಳೆದ ತಂತಿ ಕಾಣ್ತದಾ? ನಿಮ್ಮ ಹೊಲದಲ್ಲಿ ತಂತಿ ಇಲ್ಲ, ಸರಿ. ಪಕ್ಕದವರದರಲ್ಲಿ ಇಲ್ಲ ಅಂತ ಯಾರು ಹೇಳೋರು? ಮಗ ನೀರು ಕಟ್ಟೋಕೆ ಹೋದ ಅಂದ್ರೆ ವಾಪಸ್ ಬರೋ ತನಕ ಅವನ ತಾಯಿ ನಿದ್ದೆ ಮಾಡಲ್ಲ. ನಮ್ಮ ಮನೆಯಲ್ಲೂ ಅದೇ. ಹಂದಿ ಭಯಕ್ಕಲ್ಲ, ತಂತಿ ಭಯಕ್ಕೆ.

ಆ ತಂತಿಗೆ ಹಂದಿ ಯಾವುದು, ಕರಡಿ ಯಾವುದು, ಎಮ್ಮೆ ಯಾವುದು ಅಂತ ಗೊತ್ತಾಗಲ್ಲ. ಕರಡಿ ಸತ್ರೆ ಒಂದನೇ ಶೆಡ್ಯೂಲು: ಅಪರಾಧ ಸಾಬೀತಾದ್ರೆ ಕನಿಷ್ಠ 3 ವರ್ಷ, 7 ವರ್ಷದ ತನಕ ಜೈಲು. ಮನುಷ್ಯ ಸತ್ರೆ ಬೇರೆ ಕೇಸು, ಕರೆಂಟ್ ಕದ್ದಿದ್ದಕ್ಕೆ ಇನ್ನೊಂದು ಕೇಸು. ಅರ್ಧ ಎಕರೆ ಶೇಂಗಾ ಉಳಿಸೋಕೆ ಹೋಗಿ ಎರಡು ಎಕರೆ ವಕೀಲರಿಗೆ ಬರೆದುಕೊಡೋದು ಯಾವ ಬೇಸಾಯ?

ಸಿಡಿಮದ್ದೂ ಹಂಗೇ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆ ಬಾಯಿ ಸಿಡಿದು ಹೊಳೆಯಲ್ಲಿ ನಿಂತೇ ಸತ್ತಿದ್ದು ಇಡೀ ದೇಶ ನೋಡ್ತು. ಆ ಮದ್ದು ಇಟ್ಟಿದ್ದು ಆನೆಗಲ್ಲ, ಹಂದಿಗೆ ಅಂತ ತನಿಖೆಯಲ್ಲಿ ಬಂತು. ನಮ್ಮ ಕಡೆ ಅದೇ ಥರದ ಮದ್ದು ಮೇಯೋ ಹಸು ಬಾಯಿಗೆ ಬಿದ್ರೆ ಯಾವ ಟಿವಿನೂ ಬರಲ್ಲ.

ಪೇಟೆಯ ಪ್ರಾಣಿಪ್ರಿಯರಿಗೆ ನನ್ನ ಪ್ರಶ್ನೆ ಇದೇ. ನೀವು ಆದೇಶದ ಗುಂಡು ತಡೆದ್ರಿ, ಸಂತೋಷ. ಹಂದಿ ಬದುಕ್ತಾ? ಇಲ್ಲ. ಅದು ತಂತಿಗೆ ಸುಟ್ಟು, ಉರುಳಿಗೆ ಕಾಲು ಕೊಯ್ದುಕೊಂಡು, ಮದ್ದಿಗೆ ದವಡೆ ಹಾರಿ ವಾರಗಟ್ಟಲೆ ನರಳಿ ಸಾಯ್ತಾ ಇದೆ. ಜೊತೆಗೆ ಕರಡಿನೂ, ನಾಯಿನೂ, ಮನುಷ್ಯನೂ. ಎಷ್ಟು ಸತ್ತವು ಅಂತ ಯಾವ ರಿಜಿಸ್ಟರಿನಲ್ಲೂ ಇಲ್ಲ. ನಿಮ್ಮ ದಯೆಯಿಂದ ಸಾವು ಕಮ್ಮಿ ಆಗಿಲ್ಲ, ಕತ್ತಲಿಗೆ ಹೋಯ್ತು ಅಷ್ಟೇ. ಲೈಸೆನ್ಸ್ ಇರೋನು, ಗುರಿ ಗೊತ್ತಿರೋನು, ಫಾರೆಸ್ಟ್‌ನವರ ಎದುರಿಗೆ ಒಂದೇ ಏಟಿಗೆ ಹೊಡೆಯೋದು ಆ ಪ್ರಾಣಿಗೂ ಇದಕ್ಕಿಂತ ಮೇಲು.

ಹಂಗಾದ್ರೆ ಏನು ಕೇಳಬೇಕು? ನನಗೆ ತೋಚಿದ್ದು ಬರೀತೀನಿ. ತಿದ್ದೋದಿದ್ರೆ ತಿದ್ದಿ.

1. ಶೇಂಗಾ ಕಾಯಿ ಕಟ್ಟೋ ಕಾಲದಿಂದ ಮೆಕ್ಕೆಜೋಳ ಮುರಿಯೋ ತನಕ, ಹಾನಿ ಇರೋ ಹೋಬಳಿಗಳಿಗೆ 11ನೇ ಸೆಕ್ಷನ್ ಪ್ರಕಾರ ಹಂದಿಗೆ ಮಾತ್ರ ಆದೇಶ. ಜಾಗದ ಸರ್ವೆ ನಂಬರು ಆದೇಶದಲ್ಲೇ ಇರಲಿ. ವನ್ಯಜೀವಿಧಾಮದ ಗಡಿಯೊಳಗೆ ಒಂದು ಗುಂಡೂ ಬೇಡ.

2. ಹೊಡೆಯೋನು ಇಲಾಖೆ ಪಟ್ಟಿಯಲ್ಲಿ ಇರಬೇಕು. ಊರಿನಲ್ಲಿ ಡಂಗುರ ಸಾರಿ, ಆ ಹೊತ್ತು ಹೊಲಕ್ಕೆ ಯಾರೂ ಹೋಗದಂಗೆ ನೋಡ್ಕೋಬೇಕು. ಸಿಕ್ಕಸಿಕ್ಕೋರ ಕೈಗೆ ಬಂದೂಕು ಕೊಟ್ರೆ ತಂತಿಗಿಂತ ಕೆಟ್ಟದು.

3. ಹೊಡೆದ ಹಂದಿಗೆ ಮಹಜರು, ಲೆಕ್ಕ, ಗುಂಡಿ. ಆ ಲೆಕ್ಕ ಪಂಚಾಯ್ತಿ ಬೋರ್ಡಿನ ಮೇಲೆ ಹಾಕಬೇಕು. ಮಾಂಸ ಯಾರಿಗೂ ಇಲ್ಲ. ಇದಕ್ಕೆ ನಗ್ತೀರಿ ಅಂತ ಗೊತ್ತು. ಆದರೆ ಮಾಂಸದ ಆಸೆ ಒಳಗೆ ಬಂತು ಅಂದ್ರೆ ಬೆಳೆ ರಕ್ಷಣೆ ಹೊರಗೆ ಹೋಗ್ತದೆ. ಹಂದಿ ಆಯ್ತು, ಮೊಲ ಆಯ್ತು, ಆಮೇಲೆ ಕೃಷ್ಣಮೃಗ. ಮಾರನೇ ವರ್ಷ ಕೋರ್ಟ್ ಎಲ್ಲಾ ನಿಲ್ಲಿಸ್ತದೆ.

4. ಕೆರೆ ಅಂಗಳದ ಬಳ್ಳಾರಿ ಜಾಲಿ ಬುಡಸಮೇತ ತೆಗೆಸೋದು. ಮೇಲೆ ಕಡಿದು ಬಿಟ್ರೆ ಮತ್ತೆ ಚಿಗುರ್ತದೆ. ಕೆರೆ ಪಂಚಾಯ್ತಿದೋ ಸಣ್ಣ ನೀರಾವರಿದೋ ಅಂತ ಅವರವರೇ ತೀರ್ಮಾನ ಮಾಡ್ಕೊಳ್ಳಲಿ. ಸೌದೆ, ಇದ್ದಿಲಿಗೆ ಜಾಲಿ ನಂಬಿದ ಮನೆಗಳಿದಾವೆ, ಕಡಿಯೋ ಕೆಲಸ ಮೊದಲು ಅವರಿಗೇ ಕೊಡಲಿ. ಇದು ಆದ್ರೆ ಗುಂಡಿನ ಕೆಲಸ ಅರ್ಧ ಉಳೀತದೆ.

5. ಸೋಲಾರ್ ಬೇಲಿಗೆ ಗುಡ್ಡದಂಚಿನ ಸಣ್ಣ ಹಿಡುವಳಿದಾರರಿಗೆ ಮೊದಲು ಸಬ್ಸಿಡಿ, ನಾಲ್ಕೈದು ಜನ ಸೇರಿ ಒಂದೇ ಸುತ್ತು ಹಾಕ್ಕೊಳ್ಳೋಕೂ ಅವಕಾಶ. ಇದರಲ್ಲಿ ಕರೆಂಟ್ ಬಿಟ್ಟು ಬಿಟ್ಟು ಹೊಡೀತದೆ, ಪ್ರಾಣಿ ಬೆಚ್ಚಿ ಓಡ್ತದೆ, ಸಾಯಲ್ಲ. ಆದರೆ ಹಂದಿಗೆ ಕೆಳಗಿನ ಎಳೆ ನೆಲದಿಂದ ಒಂದು ಅಡಿಯೊಳಗೇ ಇರಬೇಕು, ಹುಲ್ಲು ತಾಗಿದ್ರೆ ಪವರ್ ಇಳಿದು ಹೋಗ್ತದೆ. ಹದಿನೈದು ದಿನಕ್ಕೊಮ್ಮೆ ಹುಲ್ಲು ಹೆರೆಯೋಕೆ ಸೋಮಾರಿತನ ಮಾಡಿ ಬೇಲಿ ಸರಿ ಇಲ್ಲ ಅನ್ನಬೇಡಿ.

6. ಬೆಳೆ ವಿಮೆ. ಕಾಡುಪ್ರಾಣಿಯಿಂದ ಆದ ಬೆಳೆ ನಷ್ಟನ ಫಸಲ್ ಬಿಮಾದೊಳಗೆ ಸೇರಿಸ್ತೀವಿ, 2026ರ ಮುಂಗಾರಿನಿಂದ ಜಾರಿ ಅಂತ ಕೇಂದ್ರ ಕೃಷಿ ಇಲಾಖೆ 2025ರ ನವೆಂಬರಿನಲ್ಲಿ ಹೇಳಿದೆ. ಆದರೆ ಯಾವ ಪ್ರಾಣಿ, ಯಾವ ತಾಲ್ಲೂಕು ಅಂತ ಪಟ್ಟಿ ಮಾಡಬೇಕಾದ್ದು ರಾಜ್ಯ ಸರ್ಕಾರ. ನಮ್ಮ ತಾಲ್ಲೂಕುಗಳ ಹೆಸರು, ಹಂದಿ ಮತ್ತು ಕರಡಿ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ನಷ್ಟ ಆದ 72 ಗಂಟೆಯೊಳಗೆ ಆ್ಯಪಿನಲ್ಲಿ ಫೋಟೋ ಸಮೇತ ಹೇಳಬೇಕು ಅಂತ ನಿಯಮ. ಮನೆಯಲ್ಲಿ ಓದಿದ ಮಕ್ಕಳಿದ್ರೆ ಈಗಲೇ ಆ ಆ್ಯಪ್ ಹಾಕಿಸಿ ಇಟ್ಕೊಳ್ಳಿ. ಅರ್ಜಿ ಹಾಕೋದು ಬಿಡಬೇಡಿ. ಹತ್ತು ರೂಪಾಯಿ ಬರಲಿ, ನಷ್ಟ ಆಯ್ತು ಅಂತ ಕಾಗದದ ಮೇಲೆ ಬರ್ತದಲ್ಲ, ಅದೇ ನಾಳೆ ಆದೇಶ ಕೇಳೋಕೆ ಸಾಕ್ಷಿ.

ಕೆಲವರು ಹೇಳ್ತಾರೆ, "ಅಣ್ಣ, ಇಷ್ಟೆಲ್ಲಾ ಆಗೋದು ಯಾವಾಗ, ಅಲ್ಲಿ ತನಕ ತಂತಿ ಇರ್ಲಿ ಬಿಡು." ಇದೇ ಮಾತು ನಮ್ಮ ಕಾಲಿಗೆ ನಾವೇ ಹಾಕ್ಕೊಂಡಿರೋ ಉರುಳು. ಕೈಯಲ್ಲಿ ಕಳ್ಳ ತಂತಿ ಹಿಡ್ಕೊಂಡೋನು ಆಫೀಸರ್ ಎದುರಿಗೆ ಜೋರಾಗಿ ಮಾತಾಡೋಕೆ ಆಗಲ್ಲ. "ನಿಮ್ಮ ಬೇಲಿ ನೋಡಣ ಬನ್ನಿ" ಅಂದ್ರೆ ಹಿಂದೆ ಸರೀಬೇಕಾಗ್ತದೆ. ತಂತಿ ಕಿತ್ತು ಹಾಕಿದ ಊರು ಎದೆ ಎತ್ತಿ ಕೇಳಬಹುದು: ನಾವು ಕಾನೂನಿನಂಗೆ ಇದ್ದೀವಿ, ಈಗ ನಿಮ್ಮ ಕಾನೂನು ನಮ್ಮ ಬೆಳೆ ಉಳಿಸಲಿ.

ಮುಂದಿನ ಗ್ರಾಮ ಸಭೆಗೆ ಈ ಆರು ಅಂಶ ಬರೆದು ತಗೊಂಡು ಹೋಗಿ. ಠರಾವು ಪುಸ್ತಕದಲ್ಲಿ ಬರೆಸಿ, ನಕಲು ತಗೊಳ್ಳಿ. ಒಂದು ಪ್ರತಿ ಆರ್‌ಎಫ್‌ಓ ಕಚೇರಿಗೆ, ಒಂದು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ. ನಾಲ್ಕು ತಾಲ್ಲೂಕಿನಿಂದ ಒಂದೇ ಥರದ ಐವತ್ತು ಠರಾವು ಹೋದ್ರೆ ಯಾವ ಕಚೇರಿನೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ನಮ್ಮ ಊರಿನದು ನಾನು ಬರೆಸ್ತೀನಿ, ಬರೆಸಿದ ಮೇಲೆ ಫೋಟೋ ಇಲ್ಲೇ ಹಾಕ್ತೀನಿ. ನೀವೂ ಹಾಕಿ.

ರಾತ್ರಿ ಪಾಳಿ ಇರೋರು ಬೂಟು, ಟಾರ್ಚು, ಒಂದು ಒಣ ಕೋಲು ಇಲ್ಲದೆ ಬದು ದಾಟಬೇಡಿ.